ಮೊದಲು ಫ್ರಿಜ್ ನಿಲ್ಲಿಸಿ: ಮನೆಯಲ್ಲೊಂದು ವಯಲ್ ಕಛೇರಿ ನಡೆಸುವ ಬಗೆ

ಬಾಸ್ ವಯಲ್ ಎಂಬ ಯೂರೋಪಿನ ಹಳೆಯ ತಂತಿವಾದ್ಯ ನುಡಿಸುವವರು ಐದನೆಯ ತಂತಿಯ ಬಿರಡೆ ತಿರುಗಿಸುವುದು, ಕಿವಿಗೊಡುವುದು, ತಲೆಯಲ್ಲಾಡಿಸುವುದು, ಮತ್ತೆ ತಿರುಗಿಸುವುದು ಹೀಗೇ ಐದು ನಿಮಿಷ ನಡೆಯಿತು. ಕೇಳುಗರು ಬರಲು ಇನ್ನು ಕಾಲು ಗಂಟೆ ಇತ್ತು. ಕೊನೆಗೆ ಅವರು ಕಮಾನನ್ನು ತೊಡೆಯ ಮೇಲಿಟ್ಟುಕೊಂಡು, "ಈ ಮನೆಯಲ್ಲಿ ಇನ್ನೂ ಒಬ್ಬರು ನುಡಿಸುತ್ತಿದ್ದಾರೆ" ಎಂದರು. ನುಡಿಸುತ್ತಿದ್ದದ್ದು ನಮ್ಮ ಅಡುಗೆಮನೆಯ ಫ್ರಿಜ್. ಬ್ರಿಟನ್ನಿನ ವಿದ್ಯುತ್ತು ನಮ್ಮೂರಿನಂತೆಯೇ 50 ಹರ್ಟ್ಸಿನದು. ಅದರಿಂದ ನಡೆಯುವ ಯಂತ್ರಗಳು ಗುಂಯ್‌ಗುಡುವುದು ಹೆಚ್ಚಾಗಿ 100 ಹರ್ಟ್ಸಿನ ಆಸುಪಾಸಿನಲ್ಲಿ. ಇಂದಿನ ಶ್ರುತಿಯಲ್ಲಿ ಬಾಸ್ ವಯಲಿನ ಐದನೆಯ ತಂತಿ ಜಿ ಸ್ವರದ್ದು, ಅಂದರೆ 98 ಹರ್ಟ್ಸ್. ಎರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಎರಡು ಸಲ 'ವಂಯ್ ವಂಯ್' ಎಂದು ಅಲೆ ಏಳುತ್ತದೆ. ತಂಬೂರಿ ಕೂಡಿಸಿದವರಿಗೆ ಆ ಅಲೆಯ ಪರಿಚಯ ಇದ್ದೇ ಇರುತ್ತದೆ. ಅದು ನಿಲ್ಲುವವರೆಗೆ ಕೈ ಬಿರಡೆಯನ್ನು ಬಿಡುವುದಿಲ್ಲ.

ಲಂಡನ್ನಿನ ಹೊರವಲಯದ ಒಂದು ಸಾಲುಮನೆಯಲ್ಲಿ ನಾವು ಇದುವರೆಗೆ ಇಂಥ ಮೂರು ಕಛೇರಿ ನಡೆಸಿದ್ದೇವೆ. ಮೊದಲನೆಯದು ಎಡವಟ್ಟುಗಳ ಸರಮಾಲೆ, ಎರಡನೆಯದು ಪರವಾಗಿಲ್ಲ, ಮೂರನೆಯದು ಸೊಗಸಾಗಿತ್ತು. ಈ ದೇಶದಲ್ಲೋ ಯೂರೋಪಿನ ಇನ್ನಾವುದೋ ಊರಿನಲ್ಲೋ ಇರುವ ಕನ್ನಡದ ಸಂಸಾರಗಳಿಗೆ ಇದನ್ನೆಲ್ಲ ಬರೆದಿಡುವುದು ಒಳ್ಳೆಯದು ಅನ್ನಿಸಿತು. ಮನೆಯಲ್ಲಿ ಕಛೇರಿ ಎಂದರೆ ನಾವು ಕೂಡಲೇ ಏನೇನು ತರಬೇಕು ಎಂದು ಪಟ್ಟಿ ಮಾಡಲು ಕೂರುತ್ತೇವೆ: ಮೈಕು, ಹೂವು, ಶಾಮಿಯಾನ, ಅಡುಗೆಯವರು. ಈ ಸಂಗೀತಕ್ಕೆ ಪಟ್ಟಿ ತಿರುವುಮುರುವು. ಏನೇನು ತೆಗೆಯಬೇಕು ಎಂದು ಬರೆದುಕೊಳ್ಳಿ, ಅರ್ಧ ಕೆಲಸ ಮುಗಿದಂತೆ.

ವಯಲ್ ಎಂದರೆ ಯಾವುದು?

ಪೂರ್ತಿ ಹೆಸರು ವಯೋಲಾ ದ ಗಾಂಬಾ. ಗಾಂಬಾ ಎಂದರೆ ಇಟಾಲಿಯನ್ನಿನಲ್ಲಿ ಕಾಲು. ದೊಡ್ಡದಿರಲಿ ಚಿಕ್ಕದಿರಲಿ, ಕಾಲುಗಳ ನಡುವೆ ಅಥವಾ ತೊಡೆಯ ಮೇಲೆ ನಿಲ್ಲಿಸಿಕೊಂಡೇ ನುಡಿಸುತ್ತಾರೆ. ದೂರದಿಂದ ದೊಡ್ಡ ಪಿಟೀಲಿನಂಥ ಚೆಲ್ಲೋ ಎಂದು ಮೋಸಹೋಗಬಹುದು, ಹತ್ತಿರ ಹೋದರೆ ಬೇರೆಯೇ ಜಾತಿ. ಸಾಮಾನ್ಯವಾಗಿ ಆರು ತಂತಿ, ಇಳಿಜಾರು ಹೆಗಲು, ಚಪ್ಪಟೆ ಬೆನ್ನು. ಕೊರಳಿನ ಮೇಲೆ ವೀಣೆಯಂತೆ ಮೆಟ್ಟಿಲುಗಳಿವೆ. ವೀಣೆಯವು ಮೇಣದಲ್ಲಿ ಕೂತ ಲೋಹದವು, ಇಲ್ಲಿಯವು ಕರುಳಿನ ದಾರವನ್ನು ಕೊರಳಿಗೆ ಸುತ್ತಿ ಗಂಟು ಹಾಕಿದಂಥವು, ಸಾಮಾನ್ಯವಾಗಿ ಏಳು. ಬೇಕಾದರೆ ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ಕಮಾನನ್ನು ಅಂಗೈ ಮೇಲ್ಮುಖವಾಗಿರುವಂತೆ ಕೆಳಗಿನಿಂದ ಹಿಡಿಯುತ್ತಾರೆ. ತಂತಿಗಳು ಕುರಿಯ ಕರುಳಿನವು.

ಈ ಕೊನೆಯ ಮಾತನ್ನು ಕೇಳುಗರಿಗೆ ಮೊದಲೇ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಿದ್ದುಂಟು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕಟ್ಟಾ ಸಸ್ಯಾಹಾರಿ. ಕರುಳು ಎಂದು ಕೇಳಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅವರೇ, "ಮೃದಂಗಕ್ಕೆ ಏನು ಬಾಳೆಲೆ ಕಟ್ಟುತ್ತಾರೆಯೇ?" ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ವಾದ್ಯ ಹುಟ್ಟಿದ್ದು 15ನೆಯ ಶತಮಾನದ ಕೊನೆಯ ಸ್ಪೇನಿನಲ್ಲಿ, ಬೆಳೆದದ್ದು ಇಟಲಿಯಲ್ಲಿ. ಎಂಟನೆಯ ಹೆನ್ರಿಯ ಆಸ್ಥಾನಕ್ಕೆ 1540ರಲ್ಲಿ ಇಟಲಿಯಿಂದ ವಾದಕರ ತಂಡವೊಂದು ಬಂದಮೇಲೆ ಇಂಗ್ಲೆಂಡಿನಲ್ಲಿ ಬೇರುಬಿಟ್ಟಿತು. ಮುಂದಿನ ನೂರೈವತ್ತು ವರ್ಷ ಇಲ್ಲಿನ ಉಳ್ಳವರ ಮನೆಗಳಲ್ಲಿ ಆರು ವಯಲುಗಳು ಒಂದು ಪೆಟ್ಟಿಗೆಯಲ್ಲಿರುತ್ತಿದ್ದವು: ಎರಡು ಟ್ರೆಬಲ್ (ಚಿಕ್ಕವು), ಎರಡು ಟೆನರ್ (ನಡುವಿನವು), ಎರಡು ಬಾಸ್ (ದೊಡ್ಡವು). ಥಾಮಸ್ ಮೇಸ್ ಎಂಬ ಕೇಂಬ್ರಿಜಿನ ಸಂಗೀತಗಾರ 1676ರಲ್ಲಿ ಬರೆದ ಪುಸ್ತಕದಲ್ಲಿ ಆ ಲೆಕ್ಕವನ್ನು ಖಚಿತವಾಗಿ ಕೊಡುತ್ತಾನೆ. ರಾತ್ರಿ ಊಟವಾದ ಮೇಲೆ ಪೆಟ್ಟಿಗೆ ತೆರೆದು, ಮೇಜಿನ ಸುತ್ತ ಕೂತು, ತಮಗೆ ತಾವೇ ನುಡಿಸಿಕೊಳ್ಳುತ್ತಿದ್ದರು. ಕೇಳುಗರು ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. ಈ ಸಂಗೀತವನ್ನು ಸಾವಿರ ಜನರ ಸಭಾಂಗಣಕ್ಕೆ ಒಯ್ದರೆ ದೂರದಲ್ಲಿ ಯಾರೋ ಪಿಸುಗುಟ್ಟಿದಂತೆ ಕೇಳುತ್ತದೆ. ಮನೆಯ ಹಜಾರದಲ್ಲಿ ಅದೇ ಸದ್ದು ಎದೆಗೆ ತಾಕುತ್ತದೆ.

ಎರಡು ತಿಂಗಳು ಮುಂಚೆ: ಎಷ್ಟು ಜನ, ಯಾರು, ಯಾವಾಗ

ಮೊದಲ ಸಲ ನಡೆಸುವವರು ಇಬ್ಬರು ಬಾಸ್ ವಯಲ್ ವಾದಕರನ್ನು ಕರೆಯಿರಿ. ಐದು ಜನರ ಕನ್ಸಾರ್ಟಿನ, ಅಂದರೆ ವಯಲ್ ಮೇಳದ, ಆಸೆ ಎರಡನೆಯ ವರ್ಷಕ್ಕಿರಲಿ. ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೆಯ ವಾದ್ಯ) ಬೇಡ, ಖರ್ಚು ಕಡಿಮೆ, ಜಾಗವೂ ಕಡಿಮೆ. ನುಡಿಸಲು ಬೇಕಾದಷ್ಟಿದೆ: ಫ್ರಾನ್ಸಿನ ಸೇಂಟ್ ಕೊಲಂಬ್ ಎರಡು ಸರಿಸಮಾನ ವಯಲುಗಳಿಗೆಂದೇ ಬರೆದ 67 ಕೃತಿಗಳು ಉಳಿದುಬಂದಿವೆ. ವಯಲಿಗೆ ಏಳನೆಯ ತಂತಿ ಸೇರಿಸಿದವನೂ ಆತನೇ ಎಂದು ಹಳಬರು ಬರೆದಿದ್ದಾರೆ. ಏಳು ತಂತಿ ಎಂದ ಕೂಡಲೇ ನಮ್ಮವರಿಗೆ ಪಿಟೀಲು ಚೌಡಯ್ಯನವರ ನೆನಪಾಗುತ್ತದೆ. ಚೌಡಯ್ಯನವರು ನಾದ ದೂರಕ್ಕೆ ಮುಟ್ಟಲಿ ಎಂದು ತಂತಿ ಸೇರಿಸಿದರು, ಈ ಮಹಾನುಭಾವ ಇನ್ನೂ ಆಳಕ್ಕೆ ಇಳಿಯಲಿ ಎಂದು.

ವಾದಕರನ್ನು ಹುಡುಕುವುದು ಅಂದುಕೊಂಡಷ್ಟು ಕಷ್ಟವಲ್ಲ. ಬ್ರಿಟನ್ನಿನ ವಯೋಲಾ ದ ಗಾಂಬಾ ಸೊಸೈಟಿ 1948ರಿಂದ ಇದೆ, ಅಮೆರಿಕದ್ದು 1962ರಿಂದ. ಸ್ವಿಟ್ಜರ್ಲೆಂಡಿನಲ್ಲಿರುವವರಿಗೆ ಬಾಸೆಲ್ ಇದೆ. ಪ್ರಾಚೀನ ಸಂಗೀತಕ್ಕೆಂದೇ 1933ರಲ್ಲಿ ತೆರೆದ ಸ್ಕೋಲಾ ಕಾಂಟೋರಮ್ ಅಲ್ಲಿದೆ. ದೊಡ್ಡ ಸಂಗೀತ ಶಾಲೆಗಳಲ್ಲಿ ಪ್ರಾಚೀನ ಸಂಗೀತದ ವಿಭಾಗಗಳಿರುತ್ತವೆ. ಅಲ್ಲಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಮುಂಚೆ ನಾಲ್ಕು ಜನರ ಎದುರು ನುಡಿಸುವ ಅವಕಾಶ ಬೇಕಾಗಿರುತ್ತದೆ. ಹಾಗೆಂದು ಪುಕ್ಕಟೆ ನುಡಿಸಿ ಎನ್ನಬೇಡಿ. ಆ ವಿಷಯಕ್ಕೆ ಈಗಲೇ ಬರುತ್ತೇನೆ.

ಕಾಲವನ್ನೂ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಜನವರಿ ಬೇಡ, ಹೀಟರ್ ಉರಿದು ಗಾಳಿ ಒಣಗಿರುತ್ತದೆ. ಜುಲೈ ಬೇಡ, ಕಿಟಕಿ ತೆರೆದರೆ ಅಕ್ಕಪಕ್ಕದವರ ಹುಲ್ಲು ಕತ್ತರಿಸುವ ಯಂತ್ರ, ಮುಚ್ಚಿದರೆ ಸೆಕೆ. ಮೇ ತಿಂಗಳು ಅಥವಾ ಅಕ್ಟೋಬರ್ ಆದೀತು. ಭಾನುವಾರ ಮಧ್ಯಾಹ್ನ ಮೂರೂವರೆ ನನ್ನ ಆಯ್ಕೆ: ಹಗಲು ಬೆಳಕು ಸಿಗುತ್ತದೆ, ಮಕ್ಕಳಿರುವವರೂ ಬರುತ್ತಾರೆ, ಆರು ಗಂಟೆಗೆ ಮನೆ ಖಾಲಿ.

ದುಡ್ಡಿನ ಮಾತು ಮತ್ತು ಕಾನೂನಿನ ಮಾತು

ನಮ್ಮಲ್ಲಿ ಕಲಾವಿದರ ಎದುರು ದುಡ್ಡಿನ ಮಾತೆತ್ತಲು ಸಂಕೋಚ. ಅದನ್ನು ಬಿಡಿ. ಮೊದಲ ಪತ್ರದಲ್ಲೇ ಬರೆಯಿರಿ: ತಲಾ ಇಷ್ಟು, ಪ್ರಯಾಣದ ಖರ್ಚು ಬೇರೆ, ಕೇಳುಗರಿಂದ ಬರುವ ಕಾಣಿಕೆ ಪೂರ್ತಿ ನಿಮಗೇ. ಇಲ್ಲಿನ ಮ್ಯುಸಿಷಿಯನ್ಸ್ ಯೂನಿಯನ್ ಆಗಾಗ ಸೂಚಿತ ದರಗಳನ್ನು ಪ್ರಕಟಿಸುತ್ತದೆ, ಅದನ್ನು ನೋಡಿಕೊಂಡು ಮಾತಾಡಿ. ಕಾಣಿಕೆ ಎಷ್ಟೇ ಕಡಿಮೆಯಾದರೂ ಒಪ್ಪಿದ ಮೊತ್ತ ನಿಮ್ಮ ಕೈಯಿಂದಲೇ ಹೋಗಬೇಕು. ನಾವು ಬಾಗಿಲ ಬಳಿ ಒಂದು ಹಿತ್ತಾಳೆ ತಂಬಿಗೆ ಇಡುತ್ತೇವೆ. ನೋಟು ಬಿದ್ದರೆ ಸದ್ದಿಲ್ಲ, ಚಿಲ್ಲರೆ ಬಿದ್ದರೆ ಊರಿಗೆಲ್ಲ ಕೇಳುತ್ತದೆ. ಜನ ನೋಟನ್ನೇ ಹಾಕುತ್ತಾರೆ.

ಇಂಗ್ಲೆಂಡಿನಲ್ಲಿ 2012ರ ಲೈವ್ ಮ್ಯೂಸಿಕ್ ಕಾಯಿದೆ ಬಂದ ಮೇಲೆ, ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕವಿಲ್ಲದ ಸಂಗೀತಕ್ಕೆ ಪರವಾನಗಿ ಬೇಕಿಲ್ಲ. ಕಾಫಿ ಕೊಡಿ, ವೈನ್ ಮಾರಬೇಡಿ. ಟಿಕೆಟ್ಟಿನ ಬೆಲೆಯಲ್ಲಿ ಒಂದು ಲೋಟ ವೈನ್ ಸೇರಿದೆ ಎಂದರೂ ಅದು ಮಾರಾಟವೇ. ಸಂಯೋಜಕರೆಲ್ಲ ತೀರಿಕೊಂಡು ಮುನ್ನೂರು ವರ್ಷವಾಗಿರುವುದರಿಂದ ಹಕ್ಕುಸ್ವಾಮ್ಯದ ತಲೆನೋವು ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಈಚೆಗೆ ಅಚ್ಚಾದ ಸ್ವರಲಿಪಿ ಪುಸ್ತಕಗಳನ್ನು ಜೆರಾಕ್ಸ್ ಮಾಡಿ ಹಂಚಬಾರದು.

ಹದಿನೈದು ದಿನ ಮುಂಚೆ: ಕೋಣೆ

"ನಮ್ಮ ಮನೆ ಚಿಕ್ಕದು" ಎನ್ನುವವರಿಗೆ ನಾನು ಥಾಮಸ್ ಬ್ರಿಟನ್ನನ ಕತೆ ಹೇಳುತ್ತೇನೆ. ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಹಗಲೆಲ್ಲ ಬೀದಿ ಬೀದಿ ತಿರುಗಿ ಇದ್ದಿಲು ಮಾರುತ್ತಿದ್ದವನು ಆತ. ಮನೆಯ ಕೆಳಗೆ ಇದ್ದಿಲಿನ ದಾಸ್ತಾನು. ಮೇಲೆ ಉದ್ದನೆಯ, ಇಕ್ಕಟ್ಟಾದ, ತಲೆ ತಾಗುವಷ್ಟು ತಗ್ಗಿನ ಅಟ್ಟ. ಅಲ್ಲಿಗೆ ಹೋಗಲು ಹೊರಗಿನಿಂದ ಮೆಟ್ಟಿಲು. 1678ರಿಂದ 1714ರಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ, ವಾರಕ್ಕೊಮ್ಮೆ ಅಲ್ಲಿ ಕಛೇರಿ ನಡೆಸಿದ. ತಾನೂ ವಯಲ್ ನುಡಿಸುತ್ತಿದ್ದ. ಶ್ರೀಮಂತರು ರೇಷ್ಮೆ ಬಟ್ಟೆ ಎತ್ತಿಹಿಡಿದು ಇದ್ದಿಲಿನ ಪಕ್ಕದಲ್ಲೇ ಹತ್ತಿ ಬರುತ್ತಿದ್ದರು. ಹೆಸರಾಂತ ಸಂಯೋಜಕ ಹ್ಯಾಂಡೆಲ್ ಕೂಡ ಅಲ್ಲಿ ನುಡಿಸಿದ್ದ ಎನ್ನುತ್ತಾರೆ. ನಿಮ್ಮ ಹಜಾರ ಅದಕ್ಕಿಂತ ಕಡೆಯಾಗಿರಲಾರದು.

ಖಾಲಿ ಕೋಣೆಯಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು ಹತ್ತಿಯಲ್ಲಿ ಹೂತಂತೆ ಸತ್ತುಹೋದರೆ ರತ್ನಗಂಬಳಿ, ಪರದೆ, ಸೋಫಾ ಹೆಚ್ಚಾಗಿವೆ ಎಂದರ್ಥ. ವಯಲಿನ ನಾದ ಮೊದಲೇ ಮೆಲುವು, ಇವೆಲ್ಲ ಅದನ್ನು ಕುಡಿದುಬಿಡುತ್ತವೆ. ಸೋಫಾ ಮಹಡಿಗೆ ಹೋಗಲಿ. ಪರದೆಗಳನ್ನು ಪೂರ್ತಿ ಸರಿಸಿ. ಈ ದೇಶದ ಮನೆಗಳಲ್ಲಿ ರತ್ನಗಂಬಳಿಯನ್ನು ನೆಲಕ್ಕೇ ಅಂಟಿಸಿರುತ್ತಾರೆ, ಸುತ್ತಿಡಲಾಗದು. ನಾವು ಎರಡು ಪ್ಲೈವುಡ್ ಹಾಳೆ ತಂದು ಹಾಸಿ ಅದರ ಮೇಲೆ ವಾದಕರನ್ನು ಕೂರಿಸಿದೆವು. ನಾದಕ್ಕೆ ಜೀವ ಬಂತು. ಒಂದೊಂದು ಕುರ್ಚಿಯ ಕೆಳಗೂ ಕೀಲುಗಳಿಲ್ಲದ ಒಂದೇ ಹಾಳೆಯಿರಲಿ, ಇಲ್ಲದಿದ್ದರೆ ಕುರ್ಚಿ ಅಲುಗಿದಾಗಲೆಲ್ಲ ಕಿರುಗುಟ್ಟುತ್ತದೆ.

ಚಪ್ಪಾಳೆ 'ಟಿರ್‌ರ್' ಎಂದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿದರೆ ತೊಂದರೆ ಉಲ್ಟಾ ಬಗೆಯದು. ಎದುರುಬದುರಿನ ಎರಡು ಬೋಳು ಗೋಡೆಗಳಲ್ಲಿ ಒಂದನ್ನು ಮುಚ್ಚಬೇಕು. ಪುಸ್ತಕ ತುಂಬಿದ ಕಪಾಟಿನಷ್ಟು ಒಳ್ಳೆಯದು ಯಾವುದೂ ಇಲ್ಲ. ನಮ್ಮಲ್ಲಿ ಅದಿರಲಿಲ್ಲ, ಅತ್ತೆ ತಂದಿದ್ದ ನವಲಗುಂದದ ಜಮಖಾನ ಇತ್ತು. ಗೋಡೆಗೆ ನೇತುಹಾಕಿದೆವು. ಬಂದವರಲ್ಲಿ ಅರ್ಧ ಜನ ಅದನ್ನು ಅಲಂಕಾರವೆಂದೇ ಮೆಚ್ಚಿಕೊಂಡರು.

ಆಮೇಲೆ ಸದ್ದಿನ ಬೇಟೆ. ರಾತ್ರಿ ಮನೆಮಂದಿ ಮಲಗಿದ ಮೇಲೆ ಹಜಾರದ ನಡುವೆ ಹತ್ತು ನಿಮಿಷ ಕಣ್ಣುಮುಚ್ಚಿ ಕೂತು ಏನೇನು ಕೇಳುತ್ತದೆ ಎಂದು ಬರೆದುಕೊಳ್ಳಿ. ನನ್ನ ಪಟ್ಟಿ ಹೀಗಿತ್ತು: ಫ್ರಿಜ್, ಬಾಯ್ಲರ್, ಗೋಡೆ ಗಡಿಯಾರ, ದೀಪದ ಡಿಮ್ಮರ್, ಮಗಳ ಮೀನಿನ ತೊಟ್ಟಿಯ ಪಂಪು. ನೀವು ದಿನವಿಡೀ ಬದುಕುವ ಮನೆಯ ಸದ್ದು ನಿಮಗೆ ಕೇಳುವುದೇ ಇಲ್ಲ, ಹಾಗಾಗಿ ಪಟ್ಟಿಯನ್ನು ಅತಿಥಿಯೊಬ್ಬರ ಕೈಯಲ್ಲೂ ಬರೆಸಿ. ಗಡಿಯಾರ ಎಲ್ಲಕ್ಕಿಂತ ಕೆಟ್ಟದ್ದು. ಗುಂಯ್‌ಗುಡುವಿಕೆಯನ್ನು ಕಿವಿ ಮರೆತೀತು, ಟಿಕ್‌ಟಿಕ್ಕಿನ ಲಯ ಬೇರೆ, ವಾದಕರ ಲಯ ಬೇರೆ.

ಪಕ್ಕದ ಮನೆಯವರಿಗೆ ವಾರ ಮುಂಚೆ ಒಂದು ಚೀಟಿ ಬರೆದು, ಜೊತೆಗೆ ಮೈಸೂರುಪಾಕು ಕೊಟ್ಟುಬನ್ನಿ. ಆ ಭಾನುವಾರ ಅವರ ಡ್ರಿಲ್ ಗೂಡಿನಲ್ಲೇ ಉಳಿಯಿತು.

ಕುರ್ಚಿಗಳು

ಇದು ಚಿಕ್ಕ ವಿಷಯ ಎಂದು ಮೊದಲ ಸಲ ಉಡಾಫೆ ಮಾಡಿದ್ದೆ. ವಾದಕರಿಗೆಂದು ಊಟದ ಮೇಜಿನ ಒಳ್ಳೆಯ ಕುರ್ಚಿಗಳನ್ನು ಒರೆಸಿ ಇಟ್ಟಿದ್ದೆವು, ಅವಕ್ಕೆ ಕೈಗಳಿದ್ದವು. ಕೈಯಿರುವ ಕುರ್ಚಿಯಲ್ಲಿ ಕೂತು ವಯಲ್ ನುಡಿಸುವುದು ಬಾವಿಕಟ್ಟೆಯೊಳಗೆ ನಿಂತು ಕೊಡಲಿ ಬೀಸಿದಂತೆ. ಕಮಾನು ಹಿಡಿದ ತೋಳು ಪ್ರತಿ ಎಳೆತಕ್ಕೂ ತಾಗುತ್ತದೆ. ಕೊನೆಗೆ ಅಡುಗೆಮನೆಯ ಒಂದು ಸ್ಟೂಲು ಮತ್ತು ಪಕ್ಕದ ಮನೆಯಿಂದ ಕೇಳಿತಂದ ಎರಡು ಕುರ್ಚಿಗಳಲ್ಲಿ ಕಛೇರಿ ನಡೆಯಿತು.

ಬೇಕಾದದ್ದು ಇಷ್ಟೇ: ಕೈಗಳಿಲ್ಲದ, ಗಟ್ಟಿಯಾದ, ಸಪಾಟು ಆಸನದ ಕುರ್ಚಿ. ಹಿಂದಕ್ಕೆ ವಾಲಿರಬಾರದು. ಮೆತ್ತೆ ಬೇಡವೇ ಬೇಡ. ವಯಲಿಗೆ ಚೆಲ್ಲೋದಂತೆ ಕೆಳಗೆ ಊರುವ ಮೊಳೆ ಇಲ್ಲ, ಇಡೀ ವಾದ್ಯ ಮೀನಖಂಡಗಳ ಮೇಲೆ ನಿಂತಿರುತ್ತದೆ. ಆಸನ ಒಂದೆರಡು ಸೆಂಟಿಮೀಟರ್ ಎತ್ತರ ತಗ್ಗಾದರೂ ವಾದ್ಯ ಜಾರುತ್ತದೆ. ನಿಮ್ಮಲ್ಲಿರುವ ಕುರ್ಚಿಗಳ ಚಿತ್ರ ತೆಗೆದು, ಎತ್ತರ ಅಳೆದು ವಾದಕರಿಗೆ ಮೊದಲೇ ಕಳುಹಿಸಿ.

ಒಬ್ಬೊಬ್ಬ ವಾದಕರಿಗೂ ಕಮಾನು ಆಡುವ ಬಲಗಡೆಯೂ ಸೇರಿ ಒಂದೂವರೆ ಮೀಟರ್ ಅಗಲ ಬಿಡಿ. ಐವರಾದರೆ ಅವರನ್ನು ವೃತ್ತದಲ್ಲಿ, ಇಲ್ಲವೇ ಕುದುರೆ ಲಾಳದ ಆಕಾರದಲ್ಲಿ ಕೂರಿಸಿ. ಅವರು ಒಬ್ಬರನ್ನೊಬ್ಬರು ನೋಡಬೇಕು. ಸಂಯೋಜಕ ಡೌಲಂಡ್ 1604ರಲ್ಲಿ ಅಚ್ಚು ಹಾಕಿಸಿದ 'ಲ್ಯಾಕ್ರಿಮೇ' ಎಂಬ ಸ್ವರಲಿಪಿ ಪುಸ್ತಕದ ಪುಟಗಳಲ್ಲಿ ಒಂದೊಂದು ವಾದ್ಯದ ಸ್ವರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿವೆ. ಮೇಜಿನ ಮೇಲೆ ಒಂದೇ ಪುಸ್ತಕ ತೆರೆದಿಟ್ಟು ಸುತ್ತ ಕೂತು ಎಲ್ಲರೂ ಓದಿಕೊಳ್ಳಲೆಂದು ಹಾಗೆ ಮಾಡಿದ್ದು. ನಾವು ಮೂರನೆಯ ಸಲ ವಾದಕರನ್ನು ಕೋಣೆಯ ನಡುವೆಯೇ ಕೂರಿಸಿ ಕೇಳುಗರನ್ನು ಸುತ್ತ ಗೋಡೆಗೆ ಕೂರಿಸಿದೆವು. ಕೆಲವರಿಗೆ ಬೆನ್ನು ಮಾತ್ರ ಕಂಡಿತು. ಯಾರೂ ದೂರಲಿಲ್ಲ, ಬೆನ್ನ ಹಿಂದೆ ಕೂತವರಿಗೆ ವಾದಕರು ಸ್ವರ ಎತ್ತುವ ಮುನ್ನ ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತಂತೆ. ಎಂಟು ಮೀಟರ್ ಉದ್ದ, ಮೂರೂವರೆ ಅಗಲದ ನಮ್ಮ ಹಜಾರದಲ್ಲಿ ಹೀಗೆ ಇಪ್ಪತ್ತು ಜನ ಹಿಡಿದರು. ಇಪ್ಪತ್ತೊಂದನೆಯವರಿಗೆ ಬೇಡ ಎನ್ನಲು ಕಲಿಯಿರಿ.

ವಾದ್ಯದ ಪೆಟ್ಟಿಗೆಗಳಿಗೂ ಜಾಗ ಬೇಕು. ಐದು ಪೆಟ್ಟಿಗೆಗಳು ನಮ್ಮ ಮಂಚದ ಮೇಲೆ ನೆಂಟರಂತೆ ಸಾಲಾಗಿ ಮಲಗಿದ್ದವು.

ಕರುಳಿನ ತಂತಿ ಮತ್ತು ಮನೆಯ ಹವೆ

ಕರುಳು ಹವೆಯ ಮಾತು ಕೇಳುತ್ತದೆ. ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಸೊರಗುತ್ತದೆ, ತೀರಾ ಒಣಗಿದರೆ ಪಟ್ಟೆಂದು ಹರಿಯುತ್ತದೆ. ಇಪ್ಪತ್ತು ಜನ ಒಳಗೆ ಬಂದು ಉಸಿರಾಡಲು ತೊಡಗಿದ ಕೂಡಲೇ ಕೋಣೆಯ ಹವೆ ಬದಲಾಗುತ್ತದೆ, ಜೊತೆಗೆ ಶ್ರುತಿಯೂ. ಐದು ವಾದ್ಯಕ್ಕೆ ಆರರಂತೆ ಮೂವತ್ತು ತಂತಿ, ಮೂವತ್ತೈದು ಮೆಟ್ಟಿಲು. ಎಂಬತ್ತು ವರ್ಷ ಬಾಳಿದ ಲ್ಯೂಟ್ (ಮೀಟಿ ನುಡಿಸುವ ತಂತಿವಾದ್ಯ) ವಾದಕ ಅರವತ್ತು ವರ್ಷವನ್ನು ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂದು 18ನೆಯ ಶತಮಾನದ ಜರ್ಮನ್ ಲೇಖಕ ಮಾಥೆಸನ್ ಗೇಲಿ ಮಾಡಿದ್ದ; ವಯಲಿನವರಿಗೂ ಆ ಮಾತು ಸಲ್ಲುತ್ತದೆ.

ಹಾಗಾಗಿ ವಾದ್ಯಗಳು ಕನಿಷ್ಠ ಒಂದು ಗಂಟೆ ಮುಂಚೆ ಅದೇ ಕೋಣೆಗೆ ಬಂದಿರಲಿ. ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ವಾದಕರ ಮುಖ ಅರಳುತ್ತದೆ. ಅದನ್ನು ಅಳೆಯುವ ಪುಟ್ಟ ಮೀಟರು ಅಗ್ಗಕ್ಕೆ ಸಿಗುತ್ತದೆ. ಹೀಟರನ್ನು ಬೆಳಿಗ್ಗೆ ಹಾಕಿ, ಜನ ಬರುವ ಎರಡು ಗಂಟೆ ಮುಂಚೆ ಆರಿಸಿ. ಮಳೆಯಲ್ಲಿ ನೆನೆದ ಕೋಟುಗಳು ಹಜಾರಕ್ಕೆ ಬಾರದಿರಲಿ. ಬಿಸಿಲಿನ ಕೋಲು ವಾದ್ಯದ ಮೇಲೆ ಬೀಳುವ ಜಾಗದಲ್ಲಿ ಕುರ್ಚಿ ಇಡಬೇಡಿ. ಅದನ್ನು ಹಿಂದಿನ ಭಾನುವಾರ ಅದೇ ಹೊತ್ತಿಗೆ ನೋಡಿಟ್ಟುಕೊಳ್ಳಿ.

ಮೇಣದಬತ್ತಿ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮುನ್ನೂರು ವರ್ಷದ ಹಳೆಯ ವಾದ್ಯವೋ ಅದರ ದುಬಾರಿ ಪ್ರತಿಕೃತಿಯೋ ಪಕ್ಕದಲ್ಲಿರುವಾಗ ಕರಗುವ ಮೇಣದ ಕೆಲಸವಿಲ್ಲ, ಆ ಬೆಳಕಿನಲ್ಲಿ ಸ್ವರಲಿಪಿ ಓದಲೂ ಆಗದು. ಊದಿನಕಡ್ಡಿಯೂ ಬೇಡ. ಒಂದೊಂದು ಮ್ಯೂಸಿಕ್ ಸ್ಟ್ಯಾಂಡಿಗೂ ಬ್ಯಾಟರಿಯ ಓದುದೀಪ ಸಾಕು.

ಏನು ನುಡಿಸಬೇಕು?

ಆಯ್ಕೆ ವಾದಕರದ್ದು. ಆದರೆ ಕೇಳುಗರು ಯಾರು ಎಂಬುದನ್ನು ನೀವೇ ಹೇಳಬೇಕು. ನಮ್ಮಲ್ಲಿ ಬಂದವರಲ್ಲಿ ಮುಕ್ಕಾಲು ಪಾಲು ಕನ್ನಡದವರು, ರಾಮನವಮಿ ಕಛೇರಿ ಕೇಳಿ ಬೆಳೆದವರು, ಧಾರವಾಡದ ಕಡೆಯ ಇಬ್ಬರು ಬೈಠಕ್ಕಿನ ರುಚಿ ಬಲ್ಲವರು. ಇಂಥ ಕಿವಿಗಳಿಗೆ ಈ ಸಂಗೀತಕ್ಕೆ ಒಳಬಾಗಿಲು ಎಲ್ಲಿದೆ ಎಂದು ವಾದಕರೊಂದಿಗೆ ಕೂತು ಯೋಚಿಸಿದೆವು.

ಬಾಗಿಲು ಸಿಕ್ಕಿದ್ದು ಇಂಗ್ಲೆಂಡಿನ ಸಂಯೋಜಕ ಪರ್ಸೆಲ್‌ನಲ್ಲಿ. ಹೆನ್ರಿ ಪರ್ಸೆಲ್ 1680ರ ಬೇಸಿಗೆಯಲ್ಲಿ, ಇಪ್ಪತ್ತರ ಹರೆಯದಲ್ಲಿ, ವಯಲುಗಳಿಗೆಂದು ಫ್ಯಾಂಟೇಸಿಯಾ ಎಂಬ ಬಗೆಯ ಕೃತಿಗಳನ್ನು ಬರೆದ. ಆ ಹೊತ್ತಿಗಾಗಲೇ ಈ ಬಗೆ ಹಳತಾಗಿ, ರಾಜನ ಆಸ್ಥಾನದಲ್ಲಿ ಪಿಟೀಲಿನ ಕಾಲ ಶುರುವಾಗಿತ್ತು. ಅವನ ಐದು ವಯಲುಗಳ ಒಂದು ಕೃತಿಯ ಹೆಸರೇ 'ಒಂದು ಸ್ವರದ ಮೇಲೆ'. ಐವರಲ್ಲಿ ಒಬ್ಬರು ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರವನ್ನು, ನಡುವಿನ ಸಿ ಸ್ವರವನ್ನು, ಹಿಡಿದುಕೊಂಡೇ ಇರುತ್ತಾರೆ. ಉಳಿದ ನಾಲ್ವರು ಅದರ ಸುತ್ತ ಹೆಣೆಯುತ್ತಾರೆ, ಓಡುತ್ತಾರೆ, ಒಮ್ಮೆ ಕತ್ತಲೆಗೆ ಇಳಿದು ಬರುತ್ತಾರೆ. ನಮ್ಮ ಷಡ್ಜದಂತೆ ಇದು ನೆಲಗಟ್ಟಲ್ಲ. ಅಚ್ಚರಿಯೆಂದರೆ ಸ್ವರ ಅದೇ ಇದ್ದರೂ ಸುತ್ತಲಿನವರು ಜಾಗ ಬದಲಿಸಿದಾಗಲೆಲ್ಲ ಅದರ ಬಣ್ಣ ಬದಲಾಗುತ್ತದೆ. ತಂಬೂರಿಯ ನಾದದಲ್ಲಿ ಬೆಳೆದ ಕಿವಿ ಆ ಒಂದು ಸ್ವರವನ್ನು ತಾನಾಗಿ ಹಿಡಿಯಿತು. ಆ ಮೂರು ನಿಮಿಷದಲ್ಲಿ ಯಾರೂ ಅಲುಗಾಡಲಿಲ್ಲ. ಅದನ್ನು ಕೊನೆಗಿಟ್ಟಿದ್ದೆವು. ಮೊದಲಿಗೇ ಇಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಉಳಿದದ್ದಕ್ಕೆ ಒಂದು ಮಾದರಿ ಹೇಳುತ್ತೇನೆ. ವಿಲಿಯಂ ಬರ್ಡ್‌ನ ಒಂದು 'ಇನ್ ನೋಮಿನೆ'ಯಿಂದ ತೊಡಗಿ. ಟ್ಯಾವರ್ನರ್ ಎಂಬಾತನ ಮಾಸ್ (ಚರ್ಚಿನ ಪೂಜೆಯ) ಗಾಯನದ ತುಣುಕೊಂದರಲ್ಲಿ ನಿಧಾನವಾಗಿ ನಡೆಯುವ ಚರ್ಚಿನ ಹಳೆಯ ರಾಗವಿತ್ತು. ಅದನ್ನು ಒಂದು ವಾದ್ಯಕ್ಕೆ ಕೊಟ್ಟು ಉಳಿದವನ್ನು ಸುತ್ತ ಕಟ್ಟುವ ಪಂಥ ಇಂಗ್ಲೆಂಡಿನ ಸಂಯೋಜಕರಿಗೆ ಚಟದಂತೆ ಹತ್ತಿ ನೂರಕ್ಕೂ ಹೆಚ್ಚು 'ಇನ್ ನೋಮಿನೆ'ಗಳು ಹುಟ್ಟಿದವು. ಆಮೇಲೆ ಡೌಲಂಡ್‌ನ 'ಲ್ಯಾಕ್ರಿಮೇ'ಯ ಒಂದು ಪವಾನ್, ಅಂದರೆ ನಿಧಾನಗತಿಯ ಹಳೆಯ ನೃತ್ಯದ ಸಂಗೀತ. ಲ್ಯಾಕ್ರಿಮೇ ಎಂದರೆ ಕಣ್ಣೀರು. ಅದರ ಏಳು ಪವಾನುಗಳೂ ಇಳಿಯುವ ಅವೇ ನಾಲ್ಕು ಸ್ವರಗಳಿಂದ ಶುರುವಾಗುತ್ತವೆ, ಕಣ್ಣಹನಿ ಕೆನ್ನೆಗೆ ಜಾರಿದಂತೆ. ಅಷ್ಟರಲ್ಲಿ ಕೇಳುಗರ ಮನಸ್ಸು ಭಾರವಾಗಿರುತ್ತದೆ, ಹಗುರ ಮಾಡಲು ಟೋಬಿಯಸ್ ಹ್ಯೂಮ್ ಬೇಕು. ಈತ ಕೂಲಿಗಾಗಿ ಯುದ್ಧ ಮಾಡುತ್ತಿದ್ದ ಸೈನಿಕ. ಒಂಟಿ ಬಾಸ್ ವಯಲಿಗೆ ಬರೆದದ್ದನ್ನು 1605ರಲ್ಲಿ ಅಚ್ಚು ಹಾಕಿಸಿದ. ಒಂದು ಕಡೆ ಕಮಾನಿನ ಕಡ್ಡಿಯಿಂದಲೇ ತಂತಿಯ ಮೇಲೆ ಡೋಲಿನಂತೆ ಬಡಿಯಿರಿ ಎಂದು ಬರೆದಿಟ್ಟಿದ್ದಾನೆ. ಮಕ್ಕಳು ಎದ್ದು ನಿಂತು ನೋಡಿದ್ದು ಅದನ್ನೇ.

ಆಮೇಲೆ ಜೆಂಕಿನ್ಸ್, ಲಾಸ್. ಜೆಂಕಿನ್ಸ್ ಬದುಕಿನ ಬಹುಪಾಲನ್ನು ನಾರ್ಫೋಕ್ ಕಡೆಯ ಜಮೀನುದಾರರ ಮನೆಗಳಲ್ಲಿ ಕಳೆದವನು, ಅವನ ಸಂಗೀತ ಮನೆಯದೇ. ವಿಲಿಯಂ ಲಾಸ್ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಕಡೆ ಕಾದಾಡಿ 1645ರಲ್ಲಿ ಚೆಸ್ಟರ್ ಬಳಿ ಗುಂಡಿಗೆ ಬಲಿಯಾದವನು. ಅವನ ಸ್ವರಗಳು ಒಂದಕ್ಕೊಂದು ಉಜ್ಜಿ ಕಿಡಿ ಹಾರಿಸುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಡ.

ಒಟ್ಟು ಅರವತ್ತು ನಿಮಿಷ, ಶ್ರುತಿ ಮಾಡುವುದಕ್ಕೆ ಬೇರೆ ಹತ್ತು. ನಡುವೆ ವಿರಾಮ ಕೊಟ್ಟರೆ ಬಾಗಿಲು ತೆರೆಯುತ್ತದೆ, ಹವೆ ಬದಲಾಗುತ್ತದೆ, ಮೂವತ್ತು ತಂತಿಗಳನ್ನು ಮತ್ತೆ ಕೂಡಿಸಬೇಕು. ನಾನು ವಿರಾಮ ಕೊಡುವುದಿಲ್ಲ.

ಕೇಳುಗರಿಗೆ ಏನು ಹೇಳಬೇಕು?

ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಡಿ. ನಾನು ಮೊದಲ ಸಲ ಹನ್ನೆರಡು ನಿಮಿಷ ವಾದ್ಯದ ಇತಿಹಾಸ ಹೇಳಿದೆ. ಅಷ್ಟರಲ್ಲಿ ಎರಡು ವಾದ್ಯಗಳ ಶ್ರುತಿ ಇಳಿದಿತ್ತು.

ಹೇಳಲೇಬೇಕಾದದ್ದು ಒಂದಿದೆ, ಅದನ್ನು ನನಗೆ ಕಲಿಸಿದವರು ಅತ್ತೆ. ಕಾರ್ಯಕ್ರಮದ ಪಟ್ಟಿ ನೋಡುತ್ತ ಅವರು, "ಇದರಲ್ಲಿ ಮುಖ್ಯ ವಾದ್ಯ ಯಾರದು, ಪಕ್ಕವಾದ್ಯ ಯಾರದು?" ಎಂದು ಕೇಳಿದರು. ನಮ್ಮ ಕಿವಿ ಯಾವಾಗಲೂ ಒಬ್ಬರನ್ನು ಹುಡುಕುತ್ತದೆ, ಉಳಿದವರು ಅವರನ್ನು ಅನುಸರಿಸಬೇಕು. ಇಲ್ಲಿ ಪಕ್ಕವಾದ್ಯವೇ ಇಲ್ಲ. ಒಬ್ಬರು ಎತ್ತಿದ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಅವರು ಮುಗಿಸುವ ಮುನ್ನವೇ ಮೂರನೆಯವರು. ತುಂಬಿದ ಮನೆಯಲ್ಲಿ ಎಲ್ಲರೂ ಒಂದೇ ವಿಷಯವನ್ನು ತಮ್ಮ ತಮ್ಮ ಗಂಟಲಿನಲ್ಲಿ ಹೇಳಿದಂತೆ. ಹಾಗಾಗಿ ಮೊದಲ ಕೃತಿಗೆ ಮುನ್ನ ವಾದಕರಿಂದ ಆ ಎತ್ತುಗಡೆಯನ್ನಷ್ಟೇ ಒಬ್ಬೊಬ್ಬರಾಗಿ ನುಡಿಸಿ ತೋರಿಸಲು ಕೇಳಿ. ಅರ್ಧ ನಿಮಿಷದ ಕೆಲಸ. ಅದಾದ ಮೇಲೆ ಕೇಳುಗರೇ ಅದು ಯಾರ ಕೈಗೆ ಹೋಯಿತು ಎಂದು ಕಣ್ಣಲ್ಲಿ ಹಿಂಬಾಲಿಸುತ್ತಾರೆ.

ನಡುವೆ ಚಪ್ಪಾಳೆ ಬೇಡ, ಒಂದು ಗುಚ್ಛ ಮುಗಿದ ಮೇಲೆ ಇರಲಿ ಎಂದಷ್ಟೇ ತಿಳಿಸಿ. ಧಾರವಾಡದವರೊಬ್ಬರು ಲಾಸ್‌ನ ಒಂದು ತಿರುವಿನಲ್ಲಿ ತಡೆಯಲಾರದೆ "ವ್ಹಾ" ಎಂದುಬಿಟ್ಟರು. ಟ್ರೆಬಲ್ ನುಡಿಸುತ್ತಿದ್ದ ಹುಡುಗಿ ನಕ್ಕಳು, ಕಮಾನು ಮಾತ್ರ ಅಳುಕಲಿಲ್ಲ. ನಾನಂತೂ ಅದನ್ನು ತಪ್ಪೆಂದು ಎಣಿಸುವುದಿಲ್ಲ.

ಆ ದಿನ

ಹನ್ನೊಂದಕ್ಕೆ ಅಡುಗೆ ಮುಗಿದಿರಬೇಕು. ಕುಕ್ಕರಿನ ಸೀಟಿಯೂ ಒಗ್ಗರಣೆಯ ಘಾಟೂ ಮಧ್ಯಾಹ್ನದೊಳಗೆ ಮನೆ ಬಿಟ್ಟಿರಲಿ. ಘಾಟಿಗೆ ಕೆಮ್ಮು ಬಂದರೆ ನಿಲ್ಲಿಸುವುದು ಯಾರ ಕೈಲೂ ಆಗದು. ಒಂದೂವರೆಗೆ ವಾದಕರು ಬರುತ್ತಾರೆ. ಕಾರು ನಿಲ್ಲಿಸಲು ಬಾಗಿಲ ಹತ್ತಿರವೇ ಜಾಗ ಹಿಡಿದಿಟ್ಟಿರಿ. ಅವರಿಗೆ ಎಣ್ಣೆ ಜಿಡ್ಡಿಲ್ಲದ ಊಟ ಕೊಡಿ. ಮೊಸರನ್ನಕ್ಕಿಂತ ಒಳ್ಳೆಯದು ನನಗೆ ತೋಚಿಲ್ಲ. ಬೋಂಡಾ ತಿಂದ ಬೆರಳು ಕಮಾನಿನ ಕೂದಲಿಗೆ ತಾಗಿದರೆ ಅಲ್ಲಿ ರಾಳ ಹಿಡಿಯುವುದಿಲ್ಲ. ಇದೇ ಕಾರಣಕ್ಕೆ ಮಕ್ಕಳಿಗೂ ಮೊದಲೇ ಹೇಳಿಡಿ: ನೋಡಿ, ಕೇಳಿ, ಕಮಾನಿನ ಕೂದಲು ಮಾತ್ರ ಮುಟ್ಟಬೇಡಿ.

ಮೂರಕ್ಕೆ ಕರೆಗಂಟೆಯ ಬ್ಯಾಟರಿ ತೆಗೆಯಿರಿ. ಬಾಗಿಲಿಗೆ ಚೀಟಿ ಅಂಟಿಸಿ, ತಡವಾಗಿ ಬಂದವರನ್ನು ಕೃತಿ ಮುಗಿದ ಮೇಲೆ ಹಿತ್ತಿಲ ಬಾಗಿಲಿನಿಂದ ಕರೆತರಲು ಒಬ್ಬರನ್ನು ನೇಮಿಸಿ. ನಮ್ಮವರು ಚಪ್ಪಲಿ ಹೊರಗೆ ಬಿಡುತ್ತಾರೆ, ಅದು ಈ ಸಂಗೀತಕ್ಕೆ ದೊಡ್ಡ ಉಪಕಾರ. ಮೊಬೈಲುಗಳನ್ನು ಸೈಲೆಂಟ್ ಮಾಡಿದರೆ ಸಾಲದು, ಮರದ ಮೇಜಿನ ಮೇಲೆ ನಡುಗುವ ಮೊಬೈಲು ಬಾಸ್ ವಯಲಿಗಿಂತ ಜೋರು. ಪೂರ್ತಿ ಆರಿಸಲು ಹೇಳಿ. ಮೂರು ಇಪ್ಪತ್ತಕ್ಕೆ ಪಟ್ಟಿ ಕೈಯಲ್ಲಿ ಹಿಡಿದು ಗಡಿಯಾರ, ಬಾಯ್ಲರ್, ಪಂಪು ಒಂದೊಂದಾಗಿ ಆರಿಸಿ. ಫ್ರಿಜ್ ಕೊನೆಯದು.

ಮುಗಿದ ಮೇಲೆ

ಕೊನೆಯ ಸ್ವರ ಆರಿದ ಮೇಲೆ ಕೋಣೆ ಒಂದಷ್ಟು ಹೊತ್ತು ಸುಮ್ಮನಿರುತ್ತದೆ. ಅದನ್ನು ಮುರಿಯುವ ಹಕ್ಕು ವಾದಕರದ್ದು. ಅವರು ಕಮಾನು ಇಳಿಸುವವರೆಗೆ ನೀವು ಚಪ್ಪಾಳೆ ಶುರುಮಾಡಬೇಡಿ.

ತಿಂಡಿಯನ್ನು ಈಗ ತೆರೆಯಿರಿ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಎಷ್ಟು ಬೇಕಾದರೂ ಸದ್ದು ಮಾಡಲಿ. ವಾದಕರಿಗೆ ಲಕೋಟೆಯನ್ನು ಮರೆಯಲ್ಲಿ ಕೊಡಿ, ಫಲತಾಂಬೂಲವನ್ನು ಎಲ್ಲರೆದುರು. ಮಕ್ಕಳು ವಾದ್ಯದ ಸುತ್ತ ಮುತ್ತಿಕೊಳ್ಳುವ ಹೊತ್ತು ಇದೇ. ಮೆಟ್ಟಿಲಿನ ಗಂಟು ಹೇಗೆ ಹಾಕುತ್ತಾರೆ ಎಂದು ತೋರಿಸಲು ಕೇಳಿದರೆ ವಾದಕರು ಬೇಡ ಎನ್ನುವುದಿಲ್ಲ. ಮೂರನೆಯ ಸಲ ನಮ್ಮತ್ತೆ ಬಾಸ್ ವಯಲಿನ ತಂತಿಗಳನ್ನು ಒಂದೊಂದಾಗಿ ಮೀಟಿ, ಅಕ್ಕಪಕ್ಕದ ತಂತಿಗಳ ನಡುವಿನ ಅಂತರ ಎಲ್ಲ ಕಡೆ ಒಂದೇ, ಮೂರನೆಯದರ ಮತ್ತು ನಾಲ್ಕನೆಯದರ ನಡುವೆ ಮಾತ್ರ ಸ್ವಲ್ಪ ಕಿರಿದು ಎಂದು ತಾವೇ ಕಂಡುಹಿಡಿದರು. ಮಧ್ಯಮ, ಮಧ್ಯಮ, ಗಾಂಧಾರ, ಮಧ್ಯಮ, ಮಧ್ಯಮ. ವಾದಕಿ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಎಲ್ಲರೂ ಹೋದ ಮೇಲೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ಒಂದೊಂದನ್ನೇ ಮತ್ತೆ ಹಾಕಿ. ಮೊದಲು ಮೀನಿನ ತೊಟ್ಟಿಯ ಪಂಪು, ಪಾಪದ ಜೀವಗಳು. ಫ್ರಿಜ್ ಮರೆಯದಿರಲು ನಾನೀಗ ಅದರ ಸ್ವಿಚ್ಚಿನ ಚೀಟಿಯನ್ನು ನನ್ನ ದಿಂಬಿನ ಮೇಲೆ ಇಡುತ್ತೇನೆ. ಮೊದಲ ಸಲ ಹಾಗೆ ಮಾಡಿರಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ದೋಸೆಹಿಟ್ಟು ಉಕ್ಕಿ, ಮುಚ್ಚಳವನ್ನು ಎತ್ತಿ, ಕೆಳಗಿನ ತರಕಾರಿ ಗೂಡಿಗೆ ಇಳಿದಿತ್ತು. ಮೂರು ದಿನ ಹುಳಿದೋಸೆ ತಿಂದೆವು.